ಕುಸುಬಿ ಎಣ್ಣೆ ಕುಡಿದ ಗಾಳದ ಕೋಲು

"ಇದು ಬಿಚ್ಚೂದೂ ಇಲ್ಲ, ನಿನ್ನ ಮಗ ಬಿ.ಎ. ಆಗೂದೂ ಇಲ್ಲ" ಎಂದು ಸವಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಹೇಳಿದವರು ನರಗುಂದದ ಯಲ್ಲಪ್ಪ ಮಾವ. ಹೇಳಿದ್ದು ನಮ್ಮವ್ವನಿಗೆ, ಅವರು ಅವಳ ಅಣ್ಣ. "ಇದು" ಅಂದರೆ ನಮ್ಮ ಹನಮಂತ ಕಾಕಾನ ಗಾಳದ ಕೋಲು. "ನಿನ್ನ ಮಗ" ಅಂದರೆ ನಾನು. ಒಂದು ಬಿದಿರನ್ನೂ ಒಬ್ಬ ಹುಡುಗನನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕಿದ್ದು ನನಗೆ ಆಗ ಬಹಳ ಚುಚ್ಚಿತ್ತು. ಈಗ ನೋಡಿದರೆ, ಆ ಕೋಲಿನ ಜೋಡಿ ನನ್ನ ಹೆಸರು ಬಂದದ್ದೇ ನನಗೆ ಸಿಕ್ಕ ಮೊದಲ ಮರ್ಯಾದೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂಡಿರಿ.

ಇದೆಲ್ಲ ನೆನಪಾದದ್ದು ಎರಡು ಸ್ಟೀಲ್ ಲೋಟಗಳಿಂದ. ಮೊನ್ನೆ ಸೊಸೆ ಲೋಟಗಳನ್ನು ಒಂದರೊಳಗೊಂದು ಇಟ್ಟಿದ್ದಳು. ಅವು ಕಚ್ಚಿಕೊಂಡು ಕೂತವು. ಆಕೆ ಎಳೆದಳು, ಮಗ ಎಳೆದ. ಕಡೆಗೆ ಕಟ್ಟೆಗೆ ಕುಟ್ಟಲು ಕೈ ಎತ್ತಿದ್ದಳು. ನಾನು ಪೇಪರ್ ಕೆಳಗಿಟ್ಟು, "ಕುಟ್ಟಬ್ಯಾಡವಾ, ಇಲ್ಲಿ ಕೊಡು" ಅಂದೆ. ಸ್ವಲ್ಪ ಹೊತ್ತಿನಲ್ಲಿ ಎರಡೂ ಬೇರೆಯಾಗಿ ಕೈಗೆ ಬಂದಾಗ ಆಕೆ ಕೇಳಿದಳು, "ಮಾವಾರ, ಇದನ್ನ ಕಾಲೇಜಿನ್ಯಾಗ ಕಲಿಸ್ತಿದ್ರೇನ್ರಿ?"

"ಇಲ್ಲವಾ. ಇದನ್ನ ಕಲತ ಮ್ಯಾಲೇ ನಾನು ಕಾಲೇಜಿಗೆ ಹೋಗಿದ್ದು" ಅಂದೆ. ಆಕೆ ನಕ್ಕಳು. ಮುದುಕರ ಮಾತು ಅಂದುಕೊಂಡಿರಬೇಕು. ಆದರೆ ನಾನು ಹೇಳಿದ್ದು ಖರೇ.

ಹನಮಂತ ಕಾಕಾ ನಮ್ಮಪ್ಪನ ತಮ್ಮ. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಕಾಕಾ ರೈಲು ಹಳಿಯ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ; ಹೊಳೆಆಲೂರಿನ ಕಡೆ, ಮಲಪ್ರಭೆಯ ಸೇತುವೆಯ ಆಚೆ ಈಚೆ. ಹಳಿಯ ಮೇಲ್ವಿಚಾರಣೆಗೆ ಒಬ್ಬ ಸಾಹೇಬನಿದ್ದ. ಕೆಲಸ ಮುಗಿದ ಮೇಲೆ ಆತ ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕೂಡುತ್ತಿದ್ದನಂತೆ. ಅವನಿಗೆ ಎರೆಹುಳ ಹುಡುಕಿ ಕೊಡುವುದು, ಹಿಡಿದ ಮೀನು ಬುಟ್ಟಿಗೆ ಹಾಕುವುದು ಕಾಕಾನ ಪಾಲಿಗೆ ಬಂತು. ಆ ಸಾಹೇಬ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗುವಾಗ ಬಂಗಲೆಯ ಸಾಮಾನು ಯಾರ್ಯಾರಿಗೋ ಕೊಟ್ಟ. ಕುರ್ಚಿ, ಟೇಬಲ್ಲು, ಗಡಿಯಾರ ಎಲ್ಲ ಹೋದ ಮೇಲೆ ಕಾಕಾನ ಕೈಗೆ ಈ ಕೋಲು ಕೊಟ್ಟನಂತೆ. "ಗಡಿಯಾರ ತಗೊಂಡಿದ್ರ ಊರಿಗೆ ಒಂದು ತಾಸು ಬಡೀತಿತ್ತಲ್ಲೋ" ಅಂತ ಓಣಿಯವರು ಹಂಗಿಸಿದರೆ, ಕಾಕಾ "ತಾಸು ನೋಡವ್ರಿಗೆ ಮೀನ ಬೀಳೂದಿಲ್ಲ" ಅನ್ನುತ್ತಿದ್ದ.

ಆ ಕೋಲನ್ನು ನೀವು ನೋಡಬೇಕಿತ್ತು. ನಮ್ಮಲ್ಲಿ ಮೀನು ಹಿಡಿಯುವವರು ಹಿತ್ತಲ ಬಿದಿರಿನ ಒಂದು ಎಳೆಯ ಗಳ ಕಡಿದು, ದಾರ ಕಟ್ಟಿ, ಗಾಳ ಸಿಕ್ಕಿಸಿ ಹೊರಟುಬಿಡುವವರು. ಇದು ಹಾಗಲ್ಲ. ಬಿದಿರನ್ನು ಸೀಳಿ, ಸೀಳುಗಳ ಒಳಮೈ ಹೆರೆದು, ಅಂಚಿಗೆ ಅಂಚು ಅಂಟಿಸಿ ಮಾಡಿದ ಕೋಲು. ಬೆರಳಾಡಿಸಿದರೆ ಮೂಲೆಗಳು ಹತ್ತುತ್ತಿದ್ದವು, ಆದರೆ ಸಂದು ಹತ್ತುತ್ತಿರಲಿಲ್ಲ. ಬಣ್ಣ ಹಳೆಯ ಬೆಲ್ಲದ್ದು. ಒಟ್ಟು ಎರಡು ತುಂಡು. ಕೆಳಗಿನ ತುಂಡಿನ ತುದಿಗೆ ಒಂದು ಹಿತ್ತಾಳೆ ಕೊಳವೆ, ಮೇಲಿನ ತುಂಡಿನ ಬುಡಕ್ಕೆ ಅದರೊಳಗೆ ಹೋಗಿ ಕೂಡುವ ಇನ್ನೊಂದು ಸಣ್ಣ ಕೊಳವೆ. ಜೋಡಿಸಿದಾಗ ಎರಡು ತುಂಡು ಅನ್ನುವುದೇ ಮರೆತುಹೋಗುತ್ತಿತ್ತು. ತುದಿಯನ್ನು ನೆಲಕ್ಕೆ ಒತ್ತಿದರೆ ಇಡೀ ಕೋಲು ಬಾಗಿದ ಜೋಳದ ತೆನೆಯಂತೆ ಬಾಗಿ, ಬಿಟ್ಟೊಡನೆ ನೆಟ್ಟಗಾಗುತ್ತಿತ್ತು. ಅದನ್ನು ಮಾಡಿದ ಮನುಷ್ಯ ಯಾರೋ, ಯಾವ ಊರಿನವನೋ. ನಾನು ಆಮೇಲೆ ಎಷ್ಟೋ ದೊಡ್ಡ ದೊಡ್ಡ ಕಟ್ಟಡ ನೋಡಿದ್ದೇನೆ. ಕೆಲಸಗಾರಿಕೆ ಅಂದೊಡನೆ ಇವತ್ತಿಗೂ ಕಣ್ಣಿಗೆ ಬರುವುದು ಆ ಹಿತ್ತಾಳೆಯ ಜೋಡಣೆ.

ಹೋಗುವಾಗ ಸಾಹೇಬ ಕಾಕಾನಿಗೆ ಹೇಳಿದ್ದು ಒಂದೇ ಮಾತು, ಅದೂ ಅರ್ಧ ಹಿಂದಿಯಲ್ಲಿ: ಚೆನ್ನಾಗಿ ನೋಡಿಕೋ. ಹೇಗೆ ಅಂತ ಹೇಳಲಿಲ್ಲ. ಹೇಳದಿದ್ದದ್ದೇ ಫಜೀತಿಯಾಯಿತು.

ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ನಮ್ಮ ಕಡೆ ಎಣ್ಣೆ ಹಚ್ಚುವುದು. ಕೂಸು ಹುಟ್ಟಿದರೆ ನೆತ್ತಿಗೆ ಎಣ್ಣೆ, ಬಂಡಿಯ ಅಚ್ಚಿಗೆ ಎಣ್ಣೆ, ಹೊಸ ಚಪ್ಪಲಿಗೆ ಎಣ್ಣೆ, ಎತ್ತಿನ ಕೋಡಿಗೆ ಎಣ್ಣೆ, ಬಾಗಿಲ ಚಿಲಕ ಕಿರುಗುಟ್ಟಿದರೆ ಎಣ್ಣೆ. ಸಿಟ್ಟಿಗೆದ್ದ ಅಳಿಯನಿಗೂ ಮೊದಲು ತಲೆಗೆ ಎಣ್ಣೆ ಹಾಕಿ ಎರೆದು, ಆಮೇಲೆ ಮಾತು. ಎಣ್ಣೆ ಅಂದರೆ ಕುಸುಬಿ ಎಣ್ಣೆ. ನಮ್ಮ ಎರೆಹೊಲದಲ್ಲಿ ಜೋಳದ ಸಾಲಿನ ಅಂಚಿಗೆ ಮುಳ್ಳು ಮುಳ್ಳಾಗಿ ನಿಂತು ಹಳದಿ ಹೂ ಬಿಡುವ ಕುಸುಬಿ. ಗಾಣದಿಂದ ಬಂದ ಹೊಸ ಎಣ್ಣೆಯಲ್ಲಿ ಕಾಕಾ ಮೊದಲ ಬೊಟ್ಟು ಇಡುತ್ತಿದ್ದದ್ದು ಕೋಲಿನ ಆ ಹಿತ್ತಾಳೆ ಕೊಳವೆಗೆ. ಹಬ್ಬ ಬಂದರೆ ಒಂದು ಬೊಟ್ಟು, ಮಳೆ ಬಂದರೆ ಇನ್ನೊಂದು. ಹಚ್ಚಿ, ಎರಡನ್ನೂ ಜೋಡಿಸಿ, ಪಡಸಾಲೆಯ ಗೋಡೆಯ ಗೂಟಗಳ ಮೇಲೆ ಉದ್ದಕ್ಕೆ ಮಲಗಿಸುತ್ತಿದ್ದ. ಒಂದು ಬೇಸಿಗೆ ಹಳಿಯ ಕೆಲಸ ಬಹಳವಾಗಿ ಹೊಳೆಯ ಕಡೆ ಹೋಗಲಾಗಲಿಲ್ಲ. ಮತ್ತೆ ಕೋಲು ಇಳಿಸಿ ಬಿಚ್ಚಲು ಹೋದರೆ ಬಿಚ್ಚಲೊಲ್ಲದು.

ಬಿಚ್ಚದಿದ್ದರೆ ಮೀನು ಹಿಡಿಯಲು ಅಡ್ಡಿಯಿಲ್ಲ. ಮನುಷ್ಯರಿಗೆ ಅಡ್ಡಿ. ಅದು ಬಾಗಿಲಿನಿಂದ ಬೀಸುಕಲ್ಲಿನವರೆಗೆ ಬರುವ ಉದ್ದದ್ದು. ಹೊರಗೆ ಒಯ್ಯುವಾಗ, ಒಳಗೆ ತರುವಾಗ ಅವ್ವನಿಗೋ ನನಗೋ ಚುಚ್ಚುತ್ತಲೇ ಇತ್ತು. ನಾನು ಆಗ ರೋಣದ ಹೈಸ್ಕೂಲಿಗೆ ದಿನಾ ನಡೆದು ಹೋಗಿ ಬಂದು ಮ್ಯಾಟ್ರಿಕ್ ಪಾಸಾಗಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವರೇ ಇಲ್ಲ. ಅಷ್ಟಾದ ಮೇಲೆ ನನಗೆ ಧಾರವಾಡದ ಕಾಲೇಜಿನ ಕನಸು ಬಿತ್ತು. ಕಳಿಸಬೇಕೋ ಬೇಡವೋ ಅನ್ನುವುದು ಯಲ್ಲಪ್ಪ ಮಾವನ ಕೈಯಲ್ಲಿತ್ತು. ಅಪ್ಪನಿಲ್ಲದ ಮನೆಯಲ್ಲಿ ಅವ್ವ ಅಣ್ಣನ ಮಾತು ಮೀರುತ್ತಿರಲಿಲ್ಲ. ಅವರು ನರಗುಂದದ ಪೇಟೆಯಲ್ಲಿ, ಗುಡ್ಡದ ಬುಡದ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತರು. ಮುಷ್ಟಿಯಲ್ಲಿ ಕಡಲೆ ಹಿಡಿದು ಯಾವ ಊರ ಹೊಲದ್ದೆಂದು ಹೇಳುವ ಮನುಷ್ಯ. ತೂಕದ ಕಟ್ಟೆಯ ಮೇಲೆ ನನಗೊಂದು ಜಾಗ ನೋಡಿಟ್ಟೇ ಬಂದಿದ್ದರು.

ಬಂದವರು ಬಾಗಿ ಒಳಗೆ ಕಾಲಿಟ್ಟರು. ಅದೇ ಹೊತ್ತಿಗೆ ಕಾಕಾ ಕೋಲನ್ನು ಗೂಟದಿಂದ ಇಳಿಸುತ್ತಿದ್ದ. ಕೋಲಿನ ತುದಿ ಮಾವನ ತಲೆಯ ರುಮಾಲಿಗೆ ಸಿಕ್ಕಿತು. ಮಾವ ನಿಂತರು, ರುಮಾಲು ಮಾತ್ರ ಗಾಳಕ್ಕೆ ಬಿದ್ದ ಮೀನಿನಂತೆ ಮೇಲೆ ಹೋಯಿತು. ನಾನು ನಗಬಾರದಿತ್ತು.

"ಹನಮಂತಾ, ಮನಿಗೆ ಬಂದವ್ರ ರುಮಾಲ ಇಳಸಾಕ ಇದನ್ನ ಇಟ್ಟೀಯೇನು?"

"ಬಿಚ್ಚವಲ್ದು, ಯಲ್ಲಪ್ಪಣ್ಣಾರ. ಬಿಚ್ಚಿದ್ರ ಗಿಡ್ಡ ಆಗತೈತಿ."

"ಬಿಚ್ಚವಲ್ದೋ, ನಿಮಗ ಬಿಚ್ಚಾಕ ಬರವಲ್ದೋ?" ಮಾವ ರುಮಾಲು ಸುತ್ತಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಇಂವ ಕಾಲೇಜಿಗೆ ಹೊಂಟಾನಂತ. ಒಂದು ಕೋಲ ಬಿಚ್ಚಾಕ ಬಾರದ ಮನಿಯಾಗ ಬಿ.ಎ. ಬ್ಯಾರೆ." ಆಮೇಲೆ ಅವ್ವನಿಗೆ ಹೇಳಿದ್ದೇ ಆ ಮೊದಲಿನ ಮಾತು.

ಅವ್ವ ಸಾಮಾನ್ಯವಾಗಿ ಅಣ್ಣನ ಎದುರು ಬಾಯಿ ಬಿಡುವವಳಲ್ಲ. ಆ ಹೊತ್ತು ನೀರಿನ ತಂಬಿಗೆ ಅವರ ಮುಂದಿಟ್ಟು ಕೇಳಿದಳು, "ಅಣ್ಣಾ, ಬಿಚ್ಚಿದ್ರ?"

"ಬಿಚ್ಚಿದ್ರ ನಾನೇ ಇವನ್ನ ಧಾರವಾಡಕ್ಕ ಕರಕೊಂಡು ಹೋಗಿ ಹೆಸರು ಹಚ್ಚಿಸಿ ಬರ್ತೀನಿ. ಮುರೀಬಾರದು ಮತ್ತ. ಕಾರಹುಣ್ಣಿವಿಗೆ ಬರ್ತೀನಿ. ಆವತ್ತು ಬಿಚ್ಚಿರಲಿಲ್ಲಂದ್ರ, ಮರುದಿನಾ ನನ್ನ ಜೋಡಿ ನರಗುಂದಕ್ಕ."

ಹಾಸ್ಯಕ್ಕೆ ಹೇಳಿದರೋ ಹಟಕ್ಕೆ ಹೇಳಿದರೋ. ಆದರೆ ನಮ್ಮ ಕಡೆ ಹಿರಿಯರು ನಾಲ್ಕು ಜನರೆದುರು ಆಡಿದ ಮಾತು ಮಾತೇ. ಆ ಕ್ಷಣದಿಂದ ನನ್ನ ಕಾಲೇಜು ಆ ಹಿತ್ತಾಳೆ ಕೊಳವೆಯೊಳಗೆ ಸಿಕ್ಕಿಕೊಂಡು ಕೂತಿತು.

ಆಗಿನ ದಿನಗಳ ಒಂದು ತಮಾಷೆ ಹೇಳಬೇಕು. ರೋಣದ ಬಯಲಿನಲ್ಲಿ, ನರಗುಂದದ ಪೇಟೆಯಲ್ಲಿ, ಎಲ್ಲಿ ನೋಡಿದರೂ ಕನ್ನಡ ಸೀಮೆಗಳು ಒಂದಾಗಬೇಕೆಂಬ ಭಾಷಣ. ಮುಂಬಯಿಯದು, ಮೈಸೂರಿನದು, ಹೈದರಾಬಾದಿನದು, ಎಲ್ಲ ಕೂಡಬೇಕು. ನಾನೂ ಹೋಗಿ ಚಪ್ಪಾಳೆ ಹೊಡೆದು ಬರುತ್ತಿದ್ದೆ. ನಾಡೆಲ್ಲ ಕೂಡಿಸುವ ಚಿಂತೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಮಾತ್ರ ಬಿಡಿಸುವ ಚಿಂತೆ.

ಮೊದಲು ಜಗ್ಗಿ ನೋಡಿದೆವು. ಆ ತುದಿ ಕಾಕಾ, ಈ ತುದಿ ನಾನು. ನಾನು ತಿರುಗಿಸಲು ಹೋದರೆ ಕಾಕಾ, "ತಿರುವಬ್ಯಾಡೋ. ಬಿದರಿಗೆ ನಡಾ ಮುರೀತೈತಿ. ನೆಟ್ಟಗ ಜಗ್ಗು" ಅನ್ನುತ್ತಿದ್ದ. ನೆಟ್ಟಗೆ ಜಗ್ಗಿ ನಾವಿಬ್ಬರೂ ನೆಟ್ಟಗೆ ಅಂಗಳದಲ್ಲಿ ಬಿದ್ದೆವು. ಕೋಲು ನಮ್ಮ ನಡುವೆ ಸುಖವಾಗಿ ಮಲಗಿತ್ತು. ಎದುರು ಮನೆಯ ಮುದುಕಿ ಕಟ್ಟೆಯ ಮೇಲಿಂದ, "ಎಣ್ಣಿ ಬಿಡ್ರೋ ತಮ್ಮಾ, ಎಣ್ಣಿಗೆ ಬಿಡದ್ದು ಯಾವುದೈತಿ?" ಎಂದಳು. ಕಾಕಾನಿಗೂ ಅದೇ ಸರಿ ಕಂಡಿತು. ಸಂದಿಗೆ ಮತ್ತೆ ಕುಸುಬಿ ಎಣ್ಣೆ ಬಿಟ್ಟು ಬಿಸಿಲಿಗೆ ಇಟ್ಟ. ಬಿಸಿಲು ಕುಡಿದ ಮೇಲೆ ಅದು ಇನ್ನೂ ಬಿಗಿಯಾಯಿತು. ಕಾಕಾ ಮತ್ತೆ ಬಿಟ್ಟ. ಅದು ಮತ್ತೆ ಬಿಗಿಯಾಯಿತು.

ಆಮೇಲೆ ಗಜೇಂದ್ರಗಡದ ದಾರಿ ಹಿಡಿದೆವು. ಅಲ್ಲಿ ಕಾಕಾನಿಗೆ ಗುರುತಿನ ಒಬ್ಬ ಕಂಚುಗಾರನಿದ್ದ. ರೋಣದಲ್ಲಿ ಬಸ್ಸು ಹತ್ತುವಾಗ ಕೋಲು ಒಳಗೆ ಹಿಡಿಸಲಿಲ್ಲ, ಮೇಲೆ ಹಾಕಲು ಕಾಕಾ ಒಪ್ಪಲಿಲ್ಲ. ಕೊನೆಗೆ ಕಿಟಕಿಯಿಂದ ಅರ್ಧ ಹೊರಗೆ ಬಿಟ್ಟು ಮಗುವಿನಂತೆ ತಬ್ಬಿ ಕೂತ. ಕಂಡಕ್ಟರ್, "ಯಾವ ದೇವರ ಕೋಲ್ರಿ ಇದು?" ಅಂತ ಕೇಳಿದ. ಪಕ್ಕದ ಅಜ್ಜಿ ಅಷ್ಟಕ್ಕೇ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಖರೇ ಹೇಳಲು ಬಾಯಿ ತೆರೆದರೆ ಕಾಕಾ ನನ್ನ ಪಕ್ಕೆ ತಿವಿದು ಪಿಸುಗುಟ್ಟಿದ, "ಸುಮ್ಮನಿರು. ಕೈ ಮುಗದ್ರ ಕೋಲಿಗೇನು ಕಡಿಮಿ ಆಗೂದಿಲ್ಲ." ಆಮೇಲೆ ಗಜೇಂದ್ರಗಡ ಬರುವವರೆಗೂ ಅದಕ್ಕೆ ಯಾರೂ ಕಾಲು ತಾಗಿಸಲಿಲ್ಲ. ನೂಕುನುಗ್ಗಲಿನ ಬಸ್ಸಿನಲ್ಲಿ ನಮ್ಮ ಸುತ್ತ ಮಾತ್ರ ಜಾಗ.

ಕಂಚುಗಾರ ಕೋಲನ್ನು ತಿರುಗಿಸಿ ನೋಡಿ ಮೆಚ್ಚಿದ. "ಭಾಳ ಚಲೋ ಕೆಲಸ" ಎಂದ. ಕೊಳವೆಯನ್ನು ಕೆಂಡದಲ್ಲಿಟ್ಟರೆ ಬಿಡುತ್ತದೆ, ಆದರೆ ಒಳಗಿನ ಬಿದಿರು ಸುಡುತ್ತದೆ. ಇಲ್ಲವೆ ಕೊಳವೆ ಕೊಯ್ದು ಬಿಡಿಸಿ ಹೊಸದು ಕೂಡಿಸಬೇಕು ಎಂದ. ಕತ್ತರಿ ಎತ್ತಿಕೊಂಡದ್ದೂ ಆಯಿತು. ಕಾಕಾ ಕಟುಕನ ಕೈಯಿಂದ ಕರು ಬಿಡಿಸಿಕೊಂಡವನಂತೆ ಕೋಲು ಎತ್ತಿಕೊಂಡು ಹೊರಬಿದ್ದ. ಗುಡ್ಡದ ನೆರಳಿನಲ್ಲಿ ಇಬ್ಬರೂ ಚಹಾ ಕುಡಿದೆವು. ನಂತರ ಕಾಕಾ ನನ್ನ ಮುಖ ನೋಡದೆ ಕೇಳಿದ, "ತಮ್ಮಾ, ಕೊಯ್ಯಾಕ ಹೇಳ್ಲೇನು? ನಿನ್ನ ಕಾಲೇಜು ದೊಡ್ಡದು."

ನನ್ನ ಬದುಕಿನಲ್ಲಿ ನನ್ನನ್ನು ಇಷ್ಟು ದೊಡ್ಡ ಮಾತು ಯಾರೂ ಕೇಳಿಲ್ಲ. ನನಗೆ ಹೌದೆನ್ನುವ ಆಸೆ ಇರಲಿಲ್ಲವೆಂದರೆ ಸುಳ್ಳು. ಆದರೆ ಮಾವನ ಶರತ್ತು ನೆನಪಾಯಿತು. "ಮುರೀಬಾರದು ಅಂದಾರ ಮಾವ. ಕೊಯ್ದ್ರ ಮುರದಂಗ ಕಾಕಾ" ಎಂದೆ. ಅವನ ಮುಖ ಅರಳಿದ್ದು ನೋಡಿ, ನಾನು ವಕೀಲನಾಗಬೇಕಿತ್ತು ಅನಿಸಿತು.

ಕಾರಹುಣ್ಣಿಮೆ ಬಂತು. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಓಣಿಯವರೆಲ್ಲ ಗಡಿಬಿಡಿಯಲ್ಲಿದ್ದರು. ಮಾವ ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಕೋಲಿನ ಸುದ್ದಿ ಎತ್ತಲಿಲ್ಲ. ಪಕ್ಕದಲ್ಲಿ ನನ್ನನ್ನು ಒಯ್ಯಲು ಒಂದು ಖಾಲಿ ಟ್ರಂಕು ಇಟ್ಟುಕೊಂಡಿದ್ದರು, ಅಷ್ಟೇ.

ನಾನು ಒಳಗೆ ಬಚ್ಚಲ ಕಡೆ ಮುಖ ಸಣ್ಣ ಮಾಡಿ ಕೂತಿದ್ದೆ. ಹಬ್ಬಕ್ಕೆಂದು ಅವ್ವ ಅಟ್ಟದಿಂದ ಇಳಿಸಿದ ಹಿತ್ತಾಳೆ ಬೋಗುಣಿಗಳಲ್ಲಿ ಎರಡು ಒಂದಕ್ಕೊಂದು ಕಚ್ಚಿದ್ದವು. ಆಕೆ ಹೊರಗಿನದನ್ನು ಕುದಿಯುವ ನೀರಿನ ಪರಾತದಲ್ಲಿ ಕೂಡಿಸಿ, ಒಳಗಿನದಕ್ಕೆ ಮಣ್ಣಿನ ಕೊಡದ ತಣ್ಣೀರು ಸುರಿದಳು. ತುಸು ತಡೆದು ಎತ್ತಿದಳು. ಒಳಗಿನದು ಏನೂ ಆಗಿಲ್ಲವೆಂಬಂತೆ ಎದ್ದು ಬಂತು.

ರೋಣದ ಹೈಸ್ಕೂಲಿನಲ್ಲಿ ಮಾಸ್ತರರು ಒಂದು ಗುಂಡು, ಒಂದು ಬಳೆ ತೋರಿಸಿ ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂದು ಕಲಿಸಿದ್ದರು. ನಾನು ಅದನ್ನು ಉರು ಹೊಡೆದು ಚಿತ್ರಸಹಿತ ಬರೆದು ಪಾಸಾಗಿದ್ದೆ. ಆದರೆ ಆ ಗುಂಡು ಹೈಸ್ಕೂಲಿನ ಕಪಾಟು ಬಿಟ್ಟು ಬೇರೆ ಕಡೆಯೂ ಇರಬಹುದೆಂದು ಹೊಳೆದದ್ದು ಆಗಲೇ. "ಅವ್ವಾ, ಆ ನೀರು ಚೆಲ್ಲಬ್ಯಾಡ" ಎಂದು ಎದ್ದೆ.

ಹೊರಗಿನ ಕೊಳವೆಗೆ ಬಿಸಿ, ಒಳಗಿನದಕ್ಕೆ ತಂಪು. ಕೆಂಡವಲ್ಲ, ಬರೀ ನೀರು, ಬಿದಿರಿಗೆ ಅಪಾಯವಿಲ್ಲ. ಅವ್ವ ಬಿಸಿನೀರಿನಲ್ಲಿ ಅದ್ದಿದ ಅರಿವೆಯನ್ನು ಹೊರಗಿನ ಕೊಳವೆಗೆ ಸುತ್ತುತ್ತ, ಆರಿದೊಡನೆ ಬದಲಿಸುತ್ತ ಕೂತಳು. ನಾನು ಮೇಲಿನ ತುಂಡಿನ ಬುಡಕ್ಕೆ ತಣ್ಣನೆಯ ಹಸಿ ಅರಿವೆ ಹಿಡಿದೆ. ಜಗ್ಗುವುದು ಹೇಗೆ ಎಂದು ಕಾಕಾನ ಮುಖ ನೋಡಿದರೆ ಆತ ನಾಚಿಕೊಂಡು ನಿಂತಿದ್ದ.

"ಸಾಹೇಬ ಹೊಳಿ ದಂಡಿಗೆ ಕುಕ್ಕರಗಾಲಿಲೆ ಕುಂತು, ಕೋಲ ಮೊಣಕಾಲ ಹಿಂದ ಹಾಕ್ಕೊಂಡು, ಮೊಣಕಾಲು ಅಗಲ ಮಾಡ್ತಿದ್ದ. ನಾ ಅದೇನೋ ಅವರ ದೇಶದ ಕಸರತ್ತು ಅಂತ ತಿಳಕೊಂಡಿದ್ದೆ."

"ಹಂಗಾದ್ರ ಕುಂದ್ರು ಹನಮಂತಾ" ಎಂದಳು ಅವ್ವ.

"ಯಲ್ಲಪ್ಪಣ್ಣಾರ ಮುಂದ ಹ್ಯಾಂಗ ಕುಂದ್ರೂದ್ರಿ ವೈನಿ?"

ಮಾವ ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದರು. "ಕುಂದ್ರಪಾ. ರುಮಾಲ ಇಳಸಿದ ಮ್ಯಾಲೆ ನಾಚಿಕಿ ಎಲ್ಲೀದು?" ಎಂದರು.

ಕಾಕಾ ಧೋತರ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತ. ಕೋಲನ್ನು ಮೊಣಕಾಲಿನ ಹಿಂದೆ ಅಡ್ಡ ಹಾಕಿ, ಎರಡೂ ಕೈಗಳಿಂದ ಮೊಣಕಾಲಿನ ಪಕ್ಕದಲ್ಲೇ ಕೊಳವೆಯ ಆಚೆ ಈಚೆ ಹಿಡಿದ. ತೋಳಿನಿಂದ ಜಗ್ಗಲಿಲ್ಲ. ಮೊಣಕಾಲುಗಳನ್ನು ಮಾತ್ರ ನಿಧಾನವಾಗಿ ಹೊರಗೆ ಒತ್ತಿದ. ಒಂದು ಸಲ ಏನೂ ಇಲ್ಲ. ಅವ್ವ ಅರಿವೆ ಬದಲಿಸಿದಳು. ಮತ್ತೊಂದು ಸಲ ಏನೂ ಇಲ್ಲ. ಮಾವ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ಹೊರಗೆ ಯಾರದೋ ಎತ್ತಿನ ಗೆಜ್ಜೆ. ಕಾಕಾ ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದ. ಸೀಸೆಯ ಬಿರಡೆ ತೆಗೆದಂತೆ ಸಣ್ಣದೊಂದು ಸದ್ದಾಯಿತು. ಕಾಕಾನ ಎಡಗೈಯಲ್ಲಿ ಒಂದು ತುಂಡು, ಬಲಗೈಯಲ್ಲಿ ಒಂದು ತುಂಡು, ಎರಡೂ ಇಡಿಯಾಗಿ.

ಅವ್ವ ಒಳಗಿನ ಕೊಳವೆಯ ಮೇಲೆ ಬೆರಳಾಡಿಸಿ, ಹಳದಿ ಜಿಗಟನ್ನು ಮೂಸಿ ನೋಡಿದಳು. "ನಮ್ಮ ಎಣ್ಣಿ ಗಡಗಿ ಬಾಯಿಗೆ ಹತ್ತತೈತಲ್ಲ, ಅದೇ ಇದು. ಕುಸುಬಿ ಎಣ್ಣಿ ಒಣಗಿದ್ರ ಅಂಟು."

ಕಾಕಾ ಬಹಳ ಹೊತ್ತು ತನ್ನ ಬೆರಳನ್ನೇ ನೋಡಿಕೊಂಡ. ಅಷ್ಟು ಪ್ರೀತಿಯಿಂದ ಹಚ್ಚಿದ್ದೇ ಬೀಗವಾಗಿತ್ತು. ಮಾವ ಹೊರಗೆ ಹೋಗಿ ಅಡಿಕೆ ಉಗುಳಿ ಬಂದು ಕೇಳಿದ್ದು ಇಷ್ಟೇ: "ಧಾರವಾಡಕ್ಕ ಮುಂಜಾನಿ ಗಾಡಿ ಎಷ್ಟಕ್ಕೈತಿ?" ಖಾಲಿ ಟ್ರಂಕು ಅವರೇ ನನ್ನ ಮುಂದೆ ತಂದಿಟ್ಟರು. ಸೋತ ಮಾತನ್ನು ಅಷ್ಟು ನೆಟ್ಟಗೆ ನಡೆಸಿದ ಗಂಡಸರನ್ನು ನಾನು ಆಮೇಲೆ ಹೆಚ್ಚು ಜನ ನೋಡಲಿಲ್ಲ.

ನಾನು ಹೊರಡುವ ಮೊದಲು ಕೋಲಿನ ಹೊಸ ಉಪಚಾರ ಶುರುವಾಗಿತ್ತು. ಜೋಳದ ದಂಟಿಗೆ ಅರಿವೆ ಸುತ್ತಿ, ಬಿಸಿನೀರು ಸೀಗೆಕಾಯಿ ಹಾಕಿ ಕೊಳವೆಯ ಒಳಗಿನ ಜಿಗಟು ತೆಗೆಯುವುದು. ಅವ್ವ ಹುಣಸೆಹಣ್ಣು ಬೂದಿ ತಂದರೆ ಕಾಕಾ ಬೇಡವೆಂದ. ತಿಕ್ಕಿ ತಿಕ್ಕಿ ಹಿತ್ತಾಳೆ ಸವೆದರೆ ಕೋಲು ಲಟಲಟ ಅನ್ನುತ್ತದೆ. ಒಣ ಅರಿವೆಯಿಂದ ಒರೆಸಿ, ಜೇನುಮೇಣ ಮುಟ್ಟಿಸಿಯೂ ಮುಟ್ಟಿಸದಂತೆ ಸವರುವುದು. ಮುಖ್ಯವಾದದ್ದು, ಹೊಳೆಯಿಂದ ಬಂದೊಡನೆ ಬಿಚ್ಚುವುದು. ಅವ್ವ ಹಳೆಯ ಸೀರೆಯ ಸೆರಗಿನಲ್ಲಿ ಎರಡು ಅರೆಗಳ ಉದ್ದನೆಯ ಚೀಲ ಹೊಲಿದಳು, ಒಂದೊಂದು ತುಂಡಿಗೆ ಒಂದೊಂದು. "ಕೂಡಿಸಿ ಇಟ್ರ ಕಚ್ಚತಾವು, ಬಿಚ್ಚಿ ಇಟ್ರ ಬಾಳತಾವು" ಎಂದ ಕಾಕಾ. ಅವ್ವ ಹೊಲಿಯುತ್ತ ಹೊಲಿಯುತ್ತ ನನ್ನ ಟ್ರಂಕಿನ ಕಡೆ ನೋಡಿ, ದಾರ ಹಲ್ಲಿನಿಂದ ಕಡಿದಳು.

ಧಾರವಾಡದ ಕಥೆ ಉದ್ದ ಇದೆ, ಎಲ್ಲ ಹೇಳುವುದಿಲ್ಲ. ಉಚಿತ ಬೋರ್ಡಿಂಗಿನಲ್ಲಿ ಉಂಡೆ, ಬೇರೆಯವರ ಪುಸ್ತಕ ಕೇಳಿ ತಂದು ಓದಿದೆ, ಇಂಗ್ಲಿಷಿನಲ್ಲಿ ಒಂದು ವರ್ಷ ಮಕಾಡೆ ಬಿದ್ದೆ. ಇನ್ನು ಸಾಕು ಎಂದು ಊರಿಗೆ ಬಂದಾಗ ತೂಕದ ಕಟ್ಟೆಗೆ ಕರೆಯಲು ಮಾವ ಬಂದೇ ಬಿಟ್ಟರೆಂದು ತಿಳಿದೆ. ಮಾವ ಬಂದದ್ದು ನಿಜ. ನನ್ನ ಪಕ್ಕ ಕೂತು, "ಅಳಿಯಾ, ಒಮ್ಮೆಲೆ ಜಗ್ಗಿದ್ರ ಬೀಳತಿ. ಅರಬಿ ಬದಲಿ ಮಾಡಿ ಮತ್ತೊಮ್ಮೆ ಒತ್ತಿ ನೋಡು" ಎಂದು ಹೇಳಿ, ಚಹಾ ಕುಡಿದು, ನರಗುಂದಕ್ಕೆ ಹೋದರು. ನಾನು ಮತ್ತೆ ಹೋಗಿ ಒತ್ತಿದೆ.

ಪದವಿಪತ್ರ ತಂದ ದಿನ ಮನೆಯಲ್ಲಿ ಮೆಣಸಿನಕಾಯಿ ಭಜಿ ಕರಿಯುತ್ತಿದ್ದರು. ಕೋಲು ಎರಡು ತುಂಡಾಗಿ ತನ್ನ ಚೀಲದಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಬಾಗಿಲಲ್ಲಿ ಕೋಲು ತಪ್ಪಿಸಿ ಬರುವ ಕಷ್ಟ ಯಾರಿಗೂ ಇರಲಿಲ್ಲ. ಮೊದಲು ಅವ್ವನಿಗೆ ಕೊಡಲು ಹೋದೆ. ಆಕೆ ಹಿಟ್ಟಿನ ಕೈ ಹಿಂದೆ ಮಾಡಿ, "ಮೊದಲ ಆಗೂದಿಲ್ಲ ಅಂದವ್ರ ಕೈಯಾಗ ಕೊಡು" ಎಂದಳು.

ಯಲ್ಲಪ್ಪ ಮಾವ ತಟ್ಟೆ ಬದಿಗಿಟ್ಟು, ಎರಡೂ ಕೈ ಮುಂದೆ ಚಾಚಿದರು. ನಾನು ಪತ್ರ ಅವರ ಕೈಗೆ ಇಡಬೇಕು, ಅಷ್ಟರಲ್ಲಿ ಹನಮಂತ ಕಾಕಾ ನಡುವೆ ಬಂದ. ಮಾವನ ಬೆರಳುಗಳು ಭಜಿಯ ಎಣ್ಣೆಯಿಂದ ಹೊಳೆಯುತ್ತಿದ್ದವು. ಕಾಕಾ ಅವರ ತಲೆಯ ರುಮಾಲಿನ ತುದಿಯನ್ನು ಬಿಡಿಸಿ ಅವರ ಕೈಗೇ ಕೊಟ್ಟ. ಮಾವ ಬೆರಳು ಬೆರಳು ಒರೆಸಿಕೊಂಡರು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಆಮೇಲೆ ಪತ್ರವನ್ನು ಅಂಚಿನಲ್ಲಿ ಹಿಡಿದುಕೊಂಡರು.

"ಹಂಗ ಹಿಡೀರಿ, ಯಲ್ಲಪ್ಪಣ್ಣಾರ" ಎಂದ ಕಾಕಾ. "ಇದಕ್ಕ ಎಣ್ಣಿ ತಾಗಬಾರದು. ಒಣಾ ಇದ್ರ ಬಾಳತೈತಿ."